ಟೈರಿನ ತುಟಿ

"ಇದೇನು ಟೈರಿನಂಗಡಿಯೋ, ಅಂಚೆ ಕಚೇರಿಯೋ?"

ಗಂಡ ಇದನ್ನು ಯಾರನ್ನೂ ಕೇಳಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಒಂದರ ಮೇಲೊಂದು ಕೂತಿದ್ದ ನಾಲ್ಕು ಹೊಸ ಟೈರುಗಳ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, ಎದುರಿನ ಗೋಡೆಗೆ ಕೇಳಿಸುವಂತೆ ಕೇಳಿದ. ಒಂದೊಂದು ಟೈರಿಗೂ ಪ್ಲಾಸ್ಟಿಕ್ ಪಟ್ಟಿ ಬಿಗಿದಿತ್ತು. ಪಟ್ಟಿಗೆ ಅಂಟಿಸಿದ್ದ ಬಿಳಿ ಚೀಟಿಯಲ್ಲಿ ಟೈರು ಎಲ್ಲಿಗೆ ತಲುಪಬೇಕೆಂದು ಅಚ್ಚಾಗಿತ್ತು. ಅದು ಇದೇ ಅಂಗಡಿಯ ವಿಳಾಸ.

ಒಳಗೆ ಬಿಲ್ಲು ಬರೆಯುತ್ತಿದ್ದ ಅಕ್ಕ ಪೆನ್ನು ನಿಲ್ಲಿಸಿದಳು. ಅವಳು ಅವನ ಹೆಂಡತಿ; ಆದರೆ ಅವಳ ತಮ್ಮ ಅಕ್ಕಾ ಎಂದು ಕೂಗುವುದನ್ನು ಕೇಳಿ ಕೇಳಿ ಬೀದಿಗೆ ಬೀದಿಯೇ ಅವಳನ್ನು ಅಕ್ಕ ಎನ್ನುತ್ತಿತ್ತು. ಅವಳಿಗಿಂತ ಹತ್ತು ವರ್ಷ ಹಿರಿಯನಾದ ಎದುರಿನ ಕನ್ನಡಕದಂಗಡಿಯವನಿಗೂ ಅವಳು ಅಕ್ಕನೇ. ಗಂಡ ವಾಲ್ವು ತರಲು ಹೋಗಿದ್ದ ಹೊತ್ತಿಗೆ ಪಾರ್ಸಲ್ಲಿನವನು ಬಂದಿದ್ದ. ತನ್ನ ಫೋನಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಹಾಕು ಎಂದಿದ್ದ. ಮುತ್ತು ಪೋಣಿಸಿದ ಹಾಗೆ ಬರೆಯುವವಳೆಂದು ಹೆಸರಾದ ಅವಳ ಸಹಿ ಆ ಗಾಜಿನ ಮೇಲೆ ಎರೆಹುಳದಂತೆ ಹೊರಳಾಡಿ ಬಿದ್ದಿತ್ತು.

ತರಿಸಿದ್ದವನು ಅವಳ ತಮ್ಮ. ಅವನದು ಒಂದೇ ಕಾರಿನ ಡ್ರೈವಿಂಗ್ ಶಾಲೆ. ಹಗಲೆಲ್ಲ ಕಲಿಯುವವರ ಪಕ್ಕದಲ್ಲಿ ಕೂತು ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬದುಕುವವನು. ಮನೆಯಲ್ಲಿ ಯಾರೂ ಇರುವುದಿಲ್ಲ, ಅಕ್ಕ ಇರುತ್ತಾಳಲ್ಲ ಎಂದು ಅಕ್ಕನ ಅಂಗಡಿಯ ವಿಳಾಸ ಕೊಟ್ಟಿದ್ದ. ಟೈರು ಮಾರುವವನ ಹೊಸ್ತಿಲಿಗೆ ಬೇರೆಯವರ ಟೈರು ಬಂದು ಇಳಿದರೆ ಏನಾಗುತ್ತದೆಂದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೇ ಕೊಟ್ಟನೋ, ಅದು ಅವನಿಗೇ ಗೊತ್ತು.

ಭಾವ-ಮೈದುನರದು ಮೊದಲಿಂದಲೂ ಎಣ್ಣೆ-ಸೀಗೆಕಾಯಿ. ಎರಡು ತಿಂಗಳ ಹಿಂದೆ ತಮ್ಮ ಟೈರು ಕೇಳಿಕೊಂಡು ಬಂದಿದ್ದ. ಭಾವ ಬೆಲೆ ಹೇಳಿದ. ತಮ್ಮ ಫೋನು ತೆಗೆದು ಅದೇ ಕಂಪನಿಯ ಅದೇ ಟೈರು ಎಷ್ಟು ಕಡಿಮೆಗೆ ಸಿಗುತ್ತದೆಂದು ತೋರಿಸಿದ. ಹಾಗಾದರೆ ಪಂಚರ್ ಆದಾಗಲೂ ಆ ಫೋನಿನ ಬಾಯಿಂದಲೇ ಗಾಳಿ ಹಾಕಿಸಿಕೋ ಎಂದು ಭಾವ ಅಂದ. ಭಾವ ಅಂತ ಕರೆದದ್ದಕ್ಕೂ ಬಿಲ್ಲಿನಲ್ಲಿ ಒಂದು ಸಾಲು ಬೀಳುವ ಅಂಗಡಿ ಇದೊಂದೇ ಎಂದು ತಮ್ಮ ಅಂದ. ಅಲ್ಲಿಂದ ಮಾತು ಬಂದ್. ಅಕ್ಕ ನಡುವೆ ನಿಂತು ಅವನದನ್ನು ಇವನಿಗೆ, ಇವನದನ್ನು ಅವನಿಗೆ ಮುಟ್ಟಿಸುವಳು. ಮುಟ್ಟಿಸುವಾಗ ಮುಳ್ಳು ಕಿತ್ತು ಮುಟ್ಟಿಸುವಳು. ಮುಳ್ಳೆಲ್ಲ ಅವಳ ಕೈಯಲ್ಲೇ ಉಳಿಯುತ್ತಿತ್ತು.

ಮಧ್ಯಾಹ್ನ ತಮ್ಮ ಕಾರು ತಂದು ನಿಲ್ಲಿಸಿದ. ಹಾಕಿಕೊಡಬೇಕು, ಹಾಕುವ ಕೂಲಿ ಎಷ್ಟೋ ಅಷ್ಟು ತಗೊಳ್ಳಲಿ ಎಂದು ಅಕ್ಕನಿಗೆ ಹೇಳಿದ. ಎರಡು ಮಾರು ದೂರದಲ್ಲಿ ನಿಂತಿದ್ದ ಭಾವನಿಗೆ ಅದು ಕೇಳಿಸಿತ್ತು. ಆದರೂ ಅಕ್ಕ ಇನ್ನೊಮ್ಮೆ ಹೇಳಬೇಕಾಯಿತು. ಅವನು ಜಾಕು ಎಳೆದುಕೊಂಡು ಹೋಗಿ ಕಾರಿನಡಿ ಕೊಟ್ಟ.

ಟೈರು ಹಾಕುವುದೆಂದರೆ ಬಲದ ಕೆಲಸ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಅಲ್ಲ, ಅದು ಜಾರಿಸುವ ಕೆಲಸ. ಟೈರಿನ ಒಳ ಅಂಚಿಗೆ ಕಸುಬಿನವರು ತುಟಿ ಅನ್ನುತ್ತಾರೆ. ಆ ತುಟಿ ಚಕ್ರದ ಅಂಚನ್ನು ದಾಟಿ ಒಳಗಿಳಿದು, ಗಾಳಿ ತುಂಬಿದಾಗ ಹೊರಕ್ಕೆ ಸರಿದು, ಚಕ್ರವನ್ನು ಕಚ್ಚಿ ಕೂರಬೇಕು. ಒಳಗೆ ಟ್ಯೂಬಿಲ್ಲದ ಕಾಲ. ಗಾಳಿ ನಿಲ್ಲುವುದೇ ಆ ಕಚ್ಚಿನಲ್ಲಿ. ಅದಕ್ಕೇ ತುಟಿಗೆ ಸೋಪು ಹಚ್ಚುವುದು. ಸೋಪು ಅಕ್ಕನ ಕೆಲಸ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಮೇಲೆ ಸೋಪು ತುರಿದು, ಬಿಸಿನೀರಿನಲ್ಲಿ ಕದಡಿ, ಕೈಯಲ್ಲಿ ಎತ್ತಿದರೆ ಎಳೆ ಬರುವಷ್ಟು ಗಟ್ಟಿಯಾಗಿಸಿ, ತಗಡಿನ ಡಬ್ಬಿಗೆ ಸುರಿದು, ಕುಂಚದ ಸಮೇತ ಟೈರು ಹಾಕುವ ಯಂತ್ರದ ಪಕ್ಕದಲ್ಲಿಡುವಳು. ನಾಲ್ಕು ಟೈರಿಗೆ ಅರ್ಧ ಡಬ್ಬಿ ಬೇಕು. ಹಚ್ಚದೆ ಹಾಕಿದರೆ ಒಣ ತುಟಿ ಯಂತ್ರದ ಕಬ್ಬಿಣಕ್ಕೆ ಸಿಕ್ಕಿ ಸೀಳುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟವನೂ ಗಂಡನೇ, ಮದುವೆಯಾದ ಹೊಸದರಲ್ಲಿ. ಹೇಳುವಾಗ ತನ್ನ ತುಟಿ ಮುಟ್ಟಿ ತೋರಿಸಿದ್ದ, ಅವಳು ನಾಚಿಕೊಂಡಿದ್ದಳು.

ತಮ್ಮ ಕಂಬಕ್ಕೆ ಒರಗಿ, ತನ್ನ ಟೈರಿಗೆ ಎಷ್ಟು ಮಂದಿ ಐದು ನಕ್ಷತ್ರ ಕೊಟ್ಟಿದ್ದಾರೆಂದು ಫೋನಿನಲ್ಲಿ ಓದುತ್ತಿದ್ದ. ಓದುವುದು ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಒಬ್ಬ ಹೇಳುತ್ತಾನಂತೆ, ಅಂಗಡಿಯವರ ಗೊಣಗಾಟದಿಂದ ಮುಕ್ತಿ ಸಿಕ್ಕಿತೆಂದು. ಗಂಡನ ದವಡೆ ಗಟ್ಟಿಯಾದದ್ದನ್ನು ಅಕ್ಕ ಕಂಡಳು. ಅಷ್ಟರಲ್ಲಿ ಗಿರಾಕಿಯೊಬ್ಬ ಹಳೆಯ ಬಿಲ್ಲು ಹಿಡಿದು ಬಂದ. ಅವಳು ಪುಸ್ತಕ ತಿರುವಬೇಕಾಯಿತು. ಕಣ್ಣು ಪುಸ್ತಕದಲ್ಲಿತ್ತು, ಕಿವಿ ಹಿಂದಿತ್ತು.

ಅವಳ ಕಿವಿ ಸಾಮಾನ್ಯದ್ದಲ್ಲ. ದಿನವೂ ಬೆಳಗಿನಲ್ಲಿ ಅಪ್ಪ ಪದ್ಯ ಓದುತ್ತಿದ್ದ ಮನೆಯಲ್ಲಿ ಬೆಳೆದವಳು. ಅರ್ಥ ಗೊತ್ತಾಗುವ ವಯಸ್ಸಿಗೆ ಮೊದಲೇ, ಎಲ್ಲಿ ನಿಲ್ಲಬೇಕೋ ಅಲ್ಲಿ ಅಪ್ಪ ನಿಲ್ಲದಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು. ಗಾಳಿ ತುಂಬುವಾಗ ಟೈರಿನ ಎರಡು ತುಟಿಗಳು ಒಂದಾದ ಮೇಲೊಂದು ಕೂರುವ ಸದ್ದು ಅವಳಿಗೆ ದಿನದ ಪಾಠವಾಗಿಬಿಟ್ಟಿತ್ತು: ಡುಬ್, ಸ್ವಲ್ಪ ತಡೆದು, ಡುಬ್. ಮೊದಲ ಸಾಲಿಗೆ ಎರಡನೆಯ ಸಾಲು ಜೊತೆಯಾದ ಹಾಗೆ. ಅವತ್ತು ಕೇಳಿದ್ದು ಅದಲ್ಲ. ಚಟ್ ಅಂದಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೋಲು ಮುರಿದಂತೆ ಇನ್ನೊಮ್ಮೆ ಚಟ್. ನಾಲ್ಕಕ್ಕೆ ನಾಲ್ಕೂ ಹಾಗೇ. ಅವಳು ತಲೆಯೆತ್ತುವಷ್ಟರಲ್ಲಿ ಗಂಡ ಚಕ್ರ ಉರುಳಿಸಿಕೊಂಡು ಹೋಗುತ್ತಿದ್ದ.

ಸಂಜೆ ಕುಂಚ ತೊಳೆಯಲು ಡಬ್ಬಿ ಎತ್ತಿದಳು. ಭಾರವಿತ್ತು. ಬೆಳಿಗ್ಗೆ ಸುರಿದಷ್ಟು ಸೋಪು ಅಷ್ಟೇ ಇತ್ತು, ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿತ್ತು. ಪೊರೆಯ ಮೇಲೆ ಒಂದು ಗೀರೂ ಇಲ್ಲ. ಕುಂಚದ ಕೂದಲು ಒಣಗಿ ಕಡ್ಡಿಯಾಗಿತ್ತು.

"ಸೋಪು ಹಾಗೇ ಉಳಿದಿದೆ," ಅಂದಳು.

"ಉಳೀಲಿ," ಅಂದ ಗಂಡ, ಕೈ ಒರೆಸಿಕೊಳ್ಳುತ್ತ.

ಅಷ್ಟೇ. ಅವಳು ಮುಂದೆ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತೋ ಏನೋ. ಆದರೆ ಜಗಳವನ್ನು ತಾನೇ ಕರೆದು ಕೂರಿಸುವುದು ಯಾಕೆಂದು ಬಾಯಿಗೆ ಬೀಗ ಹಾಕಿಕೊಂಡಳು.

ಎಂಟನೆಯ ದಿನದಿಂದ ತಮ್ಮನ ಕಾರಿನ ಮುಂದಿನ ಎಡಚಕ್ರ ಬೆಳಗಾಗುವಷ್ಟರಲ್ಲಿ ಸೊರಗತೊಡಗಿತು. ಭಾವನ ಬಾಯಿಗೆ ಬೀಳಬಾರದೆಂದು ಅವನು ನಾಲ್ಕು ದಿನ ಪೆಟ್ರೋಲ್ ಬಂಕಿನಲ್ಲಿ ಕದ್ದುಮುಚ್ಚಿ ಗಾಳಿ ತುಂಬಿಸಿಕೊಂಡ. ಐದನೆಯ ದಿನ ಸ್ಟೀರಿಂಗ್ ಹಿಡಿದವಳು ಒಬ್ಬ ನರ್ಸು, ನಡುವಯಸ್ಸಿನವಳು, ಎದೆಗಟ್ಟಿ ಮಾಡಿಕೊಂಡು ಈಗಷ್ಟೇ ಮುಖ್ಯರಸ್ತೆಗೆ ಇಳಿದವಳು. ಕಾರು ಎಡಕ್ಕೆ ಎಳೆಯಿತು. ಅವಳು ಬಲಕ್ಕೆ ತಿರುಗಿಸಿದಷ್ಟೂ ಅದು ಎಡಕ್ಕೇ ಹೋಯಿತು. ತಮ್ಮ ತನ್ನ ಬ್ರೇಕು ತುಳಿಯದಿದ್ದರೆ ಚರಂಡಿಯೇ ಗತಿ. ಆಕೆ ಇಳಿದು ಕಲ್ಲಿನ ಮೇಲೆ ಕೂತು ಅತ್ತಳಂತೆ, ತನ್ನ ಕೈಯಲ್ಲೇ ಏನೋ ದೋಷವಿದೆ ಎಂದು.

ಆಗ ತಮ್ಮ ಅಂಗಡಿಗೆ ಬಂದ. ಗಂಡ ಚಕ್ರ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ತುಟಿಯ ಒಂದು ಕಡೆಯಿಂದ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಟೈರು ಬಿಡಿಸಿ ನೋಡಿದರೆ ಉಗುರಿನ ಉದ್ದ ಸೀಳಿತ್ತು. ತುಟಿ ಹರಿದ ಟೈರಿಗೆ ತೇಪೆ ಇಲ್ಲ, ಅದು ಮುಗಿದ ಹಾಗೆ. ಗಂಡ ಅದನ್ನು ಬೆಳಕಿಗೆ ಹಿಡಿದ. ಅವನ ಮುಖ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅರಳಿತು.

"ಕಾರ್ಖಾನೆಯಲ್ಲೇ ಹರಿದಿದೆ. ಅಂಗಡೀಲಿ ತಗೊಳ್ಳೋ ಟೈರಾಗಿದ್ರೆ ನಾವು ಕೈಯಾಡಿಸಿ ನೋಡಿ ಕೊಡ್ತೀವಿ. ಫೋನಿಗೆ ಕೈ ಎಲ್ಲಿದೆ?"

ಕನ್ನಡಕದಂಗಡಿಯವನು ರಸ್ತೆ ದಾಟಿ ಬಂದು, ಮೂಗಿನ ಮೇಲಿನ ಕನ್ನಡಕ ಹಣೆಗೇರಿಸಿ ಸೀಳನ್ನು ನೋಡಿದ. ಕನ್ನಡಕದ ವ್ಯಾಪಾರವೂ ಹೀಗೇ ಫೋನಿಗೆ ಹೋಗುತ್ತಿರುವ ಸಂಕಟ ಅವನದು. ಸಂಜೆಯೊಳಗೆ ಬೀದಿಯ ಎರಡು ತುದಿಗೂ ಸುದ್ದಿ ಮುಟ್ಟಿತು. ಮುಟ್ಟುವಷ್ಟರಲ್ಲಿ ಉಗುರಿನ ಉದ್ದದ ಸೀಳು ಗೇಣುದ್ದವಾಗಿ, ನರ್ಸು ಚರಂಡಿಗೆ ಬಿದ್ದು ಎದ್ದಿದ್ದಳು. ಮಾರನೆಯ ದಿನ, ಅದರ ಮಾರನೆಯ ದಿನ, ಫೋನಿನಲ್ಲಿ ಟೈರು ತರಿಸಬೇಕೆಂದಿದ್ದವರು ಒಬ್ಬೊಬ್ಬರಾಗಿ ಅಂಗಡಿಯ ಬೆಂಚಿಗೆ ಬಂದು ಕೂತರು. ಗಂಡ ಎಲ್ಲರಿಗೂ ಹರಿದ ಟೈರು ತೋರಿಸಿದ. ಅದನ್ನು ಬಾಗಿಲ ಪಕ್ಕದ ಮೊಳೆಗೇ ನೇತುಹಾಕಿದ್ದ.

ಅಕ್ಕ ಅದನ್ನು ನೋಡಿದ್ದಳು, ಯಾರೂ ಇಲ್ಲದಾಗ. ಸೀಳಿನ ಪಕ್ಕದಲ್ಲೇ ಯಂತ್ರದ ಕಬ್ಬಿಣ ಒತ್ತಿದ ಹೊಳೆಯುವ ಗೆರೆ. ಕಾರ್ಖಾನೆಯಲ್ಲಿ ಆ ಯಂತ್ರವಿಲ್ಲ.

ಆ ದಿನ ಅವಳು ಊಟದ ಬುತ್ತಿ ಬಿಚ್ಚುತ್ತ ಗಂಡನನ್ನು ಕೇಳಿದಳು, ಉಳಿದ ಮೂರನ್ನೂ ಬಿಚ್ಚಿ ನೋಡಬಾರದಾ ಎಂದು. ಯಾಕೆ ಅಂದ. ಅವನ್ನೂ ಸೋಪಿಲ್ಲದೆ ಒಣದಾಗಿಯೇ ಹಾಕಿದ್ದಲ್ಲವಾ ಅಂದಳು. ಅವನ ಕೈಯ ತುತ್ತು ಅಲ್ಲೇ ನಿಂತಿತು.

"ಯಾರು ಹೇಳಿದ್ರು ನಿನಗೆ?"

"ಡಬ್ಬಿ."

"ಡಬ್ಬಿ ನಿನ್ನ ತಮ್ಮನ ಕಡೇದಾ?"

ಅಲ್ಲಿಗೆ ಊಟ ನಿಂತಿತು. ಆ ಮೂರರಲ್ಲಿ ಗಾಳಿ ನಿಂತಿದೆ, ನಿಂತದ್ದನ್ನು ಕೆದಕುವುದು ಕಸುಬಲ್ಲ ಎಂದು ಹೇಳಿ ಅವನು ಎದ್ದು ಹೋದ. ಅವಳಿಗೆ ಗೊತ್ತಿತ್ತು, ಅರೆಸೀಳಿದ ತುಟಿ ಇವತ್ತು ನಿಂತು ನಾಳೆ ಬಿಡಬಹುದು. ಕಣ್ಣ ಮುಂದೆ ಬಂದವಳು ಆ ನರ್ಸು. ತಮ್ಮನ ಪಕ್ಕದ ಆ ಸೀಟು ದಿನಕ್ಕೆ ಆರು ಸಲ ಬದಲಾಗುತ್ತದೆ. ಕೂರುವವರಲ್ಲಿ ಒಬ್ಬರಿಗೂ ಗಾಬರಿಯಾದಾಗ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ.

ಮೂರನೆಯ ದಿನ ತಮ್ಮ ಬಂದ. ಬಂದವನ ಗತ್ತು ಇಳಿದಿತ್ತು. ಮಾರಿದ ಕಂಪನಿಯವರು ಬದಲಿ ಟೈರು ಕೊಡಲು ಒಪ್ಪಿದ್ದಾರೆ, ಆದರೆ ಹಾಕಿದ ಅಂಗಡಿಯವರ ಪತ್ರ ಬೇಕಂತೆ. ಟೈರನ್ನು ಸರಿಯಾಗಿ ಹಾಕಲಾಗಿದೆ, ಹರಿದದ್ದು ತಯಾರಿಕೆಯ ದೋಷ, ಎಂದು ಅಂಗಡಿಯ ಹೆಸರಿರುವ ಹಾಳೆಯಲ್ಲಿ. ಗಂಡನಿಗೆ ಹೊಟ್ಟೆ ತಂಪಾಯಿತು. ಫೋನಿನವರೇ ಕೊನೆಗೆ ಅಂಗಡಿಯ ಹಾಳೆ ಕೇಳಿಕೊಂಡು ಬಂದರಲ್ಲ ಎಂದು ಗಿರಾಕಿಗಳ ಬೆಂಚಿನ ಮೇಲೆ ಕಾಲು ಚಾಚಿ ಕೂತ. ಪತ್ರ ಬರೆಯುವವಳು ಯಾವತ್ತೂ ಅಕ್ಕ. ಅವನು ಹೇಳುವುದು, ಅವಳು ಬರೆಯುವುದು, ಕೆಳಗೆ ಅವನ ಸಹಿ.

ಅವಳು ಹಾಳೆ ತೆಗೆದಳು. ದಿನಾಂಕ ಹಾಕಿದಳು. ಗಂಡ ಗಂಟಲು ಸರಿಮಾಡಿಕೊಂಡು ಕಚೇರಿಯ ಕನ್ನಡ ಶುರುಮಾಡಿದ: ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ನಾಲ್ಕು ಟೈರುಗಳನ್ನು ನಮ್ಮ ಅಂಗಡಿಯಲ್ಲಿ ಕ್ರಮಬದ್ಧವಾಗಿ ಅಳವಡಿಸಲಾಗಿದ್ದು...

'ಅಂಗಡಿಯಲ್ಲಿ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಮುಂದಿನ ಮಾತು ಉದ್ದವಾದದ್ದು, ಕಷ್ಟದ್ದೇನಲ್ಲ.

"ಸೋಪು ಹಚ್ಚಿದ್ರಾ?" ಅಂದಳು ಅಕ್ಕ.

"ಈಗ ಆ ಮಾತ್ಯಾಕೆ?"

"ಕ್ರಮಬದ್ಧ ಅಂತ ಬರೀಬೇಕಲ್ಲ, ಅದಕ್ಕೆ."

ತಮ್ಮ ಫೋನಿನಿಂದ ಕಣ್ಣು ಕಿತ್ತ. ಯಾವ ಸೋಪು ಎಂದು ಕೇಳಿದ. ಮೂಲೆಯ ಕಂಪ್ರೆಸರ್ ತಾನಾಗಿ ಗುಡುಗಿ, ಹೊಟ್ಟೆ ತುಂಬಿಸಿಕೊಂಡು, ತಾನಾಗಿ ನಿಂತಿತು. ಗಂಡ ಚಾಚಿದ್ದ ಕಾಲು ಕೆಳಗಿಳಿಸಿದ.

"ನನ್ನ ಸೋಪು ನನ್ನ ಟೈರಿಗೆ. ಪಾರ್ಸಲ್ಲಲ್ಲಿ ಬಂದಿದ್ದಕ್ಕೆ ಪಾರ್ಸಲ್ಲಲ್ಲೇ ಸೋಪು ಕಳಿಸ್ಬೇಕಿತ್ತು ಅವರು."

ತಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನ ಮುಖಕ್ಕೆ ರಕ್ತ ಏರಿತು. ಹಾಗಾದರೆ ಹರಿದವನು ನೀನು, ಹರಿದದ್ದನ್ನು ಬಾಗಿಲಿಗೆ ತೋರಣ ಕಟ್ಟಿ ವ್ಯಾಪಾರ ಮಾಡುತ್ತಿರುವವನೂ ನೀನು ಎಂದ. ಭಾವನಿಗೆ ಅವನು ನೀನು ಅಂದದ್ದು ಅದೇ ಮೊದಲು. ಗಂಡ ಬೆಂಚು ಬಿಟ್ಟು ಎದ್ದ. ನಿನ್ನ ಶಿಷ್ಯರು ದಿನಕ್ಕೆ ಹತ್ತು ಸಲ ಫುಟ್‌ಪಾತಿನ ಕಲ್ಲಿಗೆ ಗುದ್ದಿಸುತ್ತಾರೆ, ಅದು ಹರಿದದ್ದು ಅಲ್ಲಿ ಎಂದ. ಗುದ್ದಿದರೆ ಟೈರಿನ ಹೊಟ್ಟೆ ಉಬ್ಬುತ್ತದೆ, ತುಟಿ ಹರಿಯುವುದಿಲ್ಲ, ಅಷ್ಟೂ ತಿಳಿಯದವನು ಅಂಗಡಿ ಇಟ್ಟಿದ್ದಾನೆ ಎಂದ ತಮ್ಮ. ಇಷ್ಟು ತಿಳಿದವನಿಗೆ ಫೋನಿನಲ್ಲೇ ಟೈರು ಹಾಕಿಸಿಕೊಳ್ಳಲು ಆಗಲಿಲ್ಲವೇ ಎಂದ ಗಂಡ. ಅಕ್ಕನ ತಂದೆಯಿಂದ ಹಿಡಿದು ಗಂಡನ ತಾಯಿಯವರೆಗೆ ಯಾರೂ ಉಳಿಯಲಿಲ್ಲ. ಎಲ್ಲರೂ ಆ ಅಂಗಡಿಯ ಕಪ್ಪು ನೆಲದ ಮೇಲೆ ಒಂದೊಂದು ಸುತ್ತು ಉರುಳಿದರು. ಎದುರಿನ ಕನ್ನಡಕದಂಗಡಿಯವನು ತನ್ನ ಬಾಗಿಲಿಗೆ ಬಂದು ನಿಂತ.

ಅವನನ್ನು ಕಂಡದ್ದೇ ತಮ್ಮನ ದನಿ ಇಳಿಯಿತು. ಅವನ ಕಣ್ಣು ಅತ್ತಿತ್ತ ಓಡಾಡಿತು. ಒಳಗೊಳಗೇ ಏನೋ ಕೂಡಿಸಿ ಕಳೆದ ಹಾಗಿತ್ತು. ಭಾವನ ಮೇಲೆ ಕೂಗಿದರೆ ಟೈರು ಬರುವುದಿಲ್ಲ. ಪತ್ರ ಹೋದರೆ ಬರುತ್ತದೆ. ಅವನು ಬೆಂಚಿನ ತುದಿಯಲ್ಲಿ ಕೂತ.

"ಹೋಗ್ಲಿ ಬಿಡಿ ಭಾವ. ಅದು ನಮ್ಮನಮ್ಮಲ್ಲೇ ಇರ್ಲಿ. ಕಂಪನಿಯೋರಿಗೆ ಯಾಕೆ ಗೊತ್ತಾಗ್ಬೇಕು?"

ಗಂಡ ಅವನನ್ನೇ ನೋಡಿದ. ಮೆಲ್ಲಗೆ ಬೆಂಚಿನ ಈ ತುದಿಯಲ್ಲಿ ಕೂತ.

"ಅದೇ ನಾನು ಹೇಳೋದು ಕಣೋ," ಅಂದ.

ಕಣೋ! ಎರಡು ತಿಂಗಳಿಂದ ಅಕ್ಕ ಇದೊಂದು ಮಾತಿಗಾಗಿ ಕಾದಿದ್ದಳು. ಇವರಿಬ್ಬರೂ ಒಂದೇ ಬೆಂಚಿನ ಮೇಲೆ ಕೂರಲಿ ಎಂದು ಮನಸ್ಸಿನಲ್ಲೇ ಕೈಮುಗಿದಿದ್ದಳು. ಕೂತಿದ್ದರು. ಕೂತದ್ದಷ್ಟೇ ಅಲ್ಲ, ಮೊಣಕಾಲಿನ ಮೇಲೆ ಒಂದೇ ರೀತಿ ಕೈಯೂರಿ, ಒಂದೇ ರೀತಿ ಅವಳ ಕಡೆ ಮುಖ ಮಾಡಿದ್ದರು. ಬಾಗಿಲಿಗೆ ಬಂದಿದ್ದ ಕನ್ನಡಕದಂಗಡಿಯವನು ಇನ್ನೇನೂ ನಡೆಯುವ ಹಾಗಿಲ್ಲವೆಂದು ತನ್ನ ಅಂಗಡಿಯೊಳಗೆ ಹೋದ.

ಅವಳು ಉಳಿದ ಮೂರು ಟೈರುಗಳ ಮಾತೆತ್ತಿದಳು. ಪತ್ರದಿಂದ ಬರುವುದು ಒಂದು ಟೈರು. ಹಾಕಿದ್ದು ನಾಲ್ಕನ್ನೂ ಒಂದೇ ಕೈ, ಒಂದೇ ಸಿಟ್ಟಿನಲ್ಲಿ. ಈಗಲೇ ಬಿಚ್ಚಿ, ಇಲ್ಲಿ ಬೇಡವೆಂದರೆ ಬೇರೆ ಅಂಗಡಿಯಲ್ಲಾದರೂ ಬಿಚ್ಚಿಸಿ, ಆಮೇಲೆ ಆ ಸೀಟಿನಲ್ಲಿ ಯಾರನ್ನಾದರೂ ಕೂರಿಸು ಎಂದಳು. ತಮ್ಮ ಬೇಡವೆಂಬಂತೆ ಕೈ ಅಲ್ಲಾಡಿಸಿದ. ನಾಳೆ ಲೈಸೆನ್ಸಿನ ಪರೀಕ್ಷೆ, ನರ್ಸಮ್ಮನದೂ ಇದೆ, ಸ್ಟೆಪ್ನಿ ಹಾಕಿಕೊಂಡು ಹೇಗೋ ನಡೆಯುತ್ತಿದೆ, ಈಗ ಕಾರು ಮೇಲೆತ್ತಿ ನಿಲ್ಲಿಸಿದರೆ ಶಾಲೆಯ ಕತೆ ಏನು?

"ನಿಂತಿದೆಯಲ್ಲಕ್ಕ ಗಾಳಿ."

"ನಿಂತಿದೆ," ಅಂದ ಗಂಡ.

ಒಬ್ಬ ಹಾಡಿದ್ದನ್ನು ಇನ್ನೊಬ್ಬ ಎತ್ತಿಕೊಂಡ ಹಾಗಿತ್ತು. ಇಷ್ಟು ವರ್ಷ ಒಬ್ಬರ ತಾಳ ಒಬ್ಬರಿಗೆ ಹೊಂದದವರು.

ಅವಳು ಪೆನ್ನು ಕೆಳಗಿಟ್ಟದ್ದನ್ನು ಕಂಡು ಗಂಡ ದನಿ ಗಡಸು ಮಾಡಿದ. ಅಂಗಡಿಗೆ ಬಂದ ಹೆಸರು ನಾಲ್ಕು ದಿನ ನಿಲ್ಲುವುದು ಇಷ್ಟವಿಲ್ಲವೇ ಎಂದ. ತಮ್ಮ ಇನ್ನೊಂದು ಕಡೆಯಿಂದ ಹಿಡಿದ: ಎರಡು ತಿಂಗಳು ನಮ್ಮಿಬ್ಬರನ್ನು ಒಂದು ಮಾಡಬೇಕೆಂದು ಒದ್ದಾಡಿದವಳು ನೀನು, ಈಗ ಒಂದಾದರೆ ಹೊಟ್ಟೆಕಿಚ್ಚೇ? ಆಮೇಲೆ, ಮಕ್ಕಳಿಗೆ ಹೇಳುವ ಹಾಗೆ, ಮೆತ್ತಗೆ ಅಂದ:

"ನೋಡಕ್ಕ, ಸಹಿ ಭಾವಂದು. ಸುಳ್ಳಾದ್ರೆ ಅವರದು. ನಿಂದೇನಿದೆ ಇದ್ರಲ್ಲಿ, ಬರೀ ಅಕ್ಷರ."

ಅವಳು ಹಾಳೆಯ ಕಡೆ ನೋಡಿದಳು. ಬರೆದಷ್ಟು ಅಕ್ಷರ ಅಂದವಾಗಿ, ಸಾಲು ಬಾಗದೆ, ಒತ್ತಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಚಿಕ್ಕಂದಿನಲ್ಲಿ ಒಂದು ಅಕ್ಷರ ತಪ್ಪಿದರೆ ಅಪ್ಪ ಪುಟವನ್ನೇ ಮತ್ತೆ ಬರೆಸುತ್ತಿದ್ದ. ಬೈಯುತ್ತಿರಲಿಲ್ಲ. ಓದುವವನು ನಿನ್ನನ್ನು ನಂಬಿ ಓದುತ್ತಾನಮ್ಮ ಎನ್ನುತ್ತಿದ್ದ, ಅಷ್ಟೇ.

"ಬರಿ," ಅಂದ ಗಂಡ. "ಕ್ರಮಬದ್ಧವಾಗಿ."

"ಬರಿಯಕ್ಕ," ಅಂದ ತಮ್ಮ.

ಅಕ್ಕ ಹಾಳೆಯನ್ನು ಎರಡಾಗಿ ಮಡಚಿದಳು. ಎದ್ದು ನಿಂತಳು. ಬೆಂಚಿನ ಮೇಲೆ ಅಂಟಿಕೊಂಡು ಕೂತಿದ್ದ ಇಬ್ಬರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ನಾನು ಬರೆಯಲ್ಲ," ಅಂದಳು.